ಮರಳ ದಿಣ್ಣೆಯ ಬೂತಾಯಿ

ನನ್ನ ದೊಡ್ಡ ಮಗಳಿಗೆ ಬಸ್ಸು ಆಗುತ್ತಿರಲಿಲ್ಲ. ಉಪ್ಪಿನಂಗಡಿಯಲ್ಲಿ ಹತ್ತಿದರೆ ಪುತ್ತೂರು ಮುಟ್ಟುವಷ್ಟರಲ್ಲಿ ನನ್ನ ಮಡಿಲು, ಪಕ್ಕದವರ ಮಡಿಲು ಎರಡನ್ನೂ ಹಾಳು ಮಾಡುತ್ತಿದ್ದಳು. ಆ ಕಾರಣಕ್ಕಾಗಿಯೇ ನಮಗೆ ದೋಣಿ ಸಿಕ್ಕಿತು. ಇಲ್ಲದಿದ್ದರೆ ನಾವೂ ಎಲ್ಲರ ಹಾಗೆ ಬಸ್ಸಿನಲ್ಲಿ ಮಂಗಳೂರಿಗೆ ಹೋಗಿ, ಹರಕೆ ಒಪ್ಪಿಸಿ, ಸಂಜೆಯ ಬಸ್ಸಿಗೆ ತಿರುಗಿ ಬಂದು ಒಲೆ ಹಚ್ಚುತ್ತಿದ್ದೆವು. ಎರಡು ದಿನ ಹೊಳೆಯ ಮೇಲೆ ಕೈಕಟ್ಟಿ ಕುಳಿತುಕೊಳ್ಳುವ ಸುಖ ನನ್ನ ಆಯುಸ್ಸಿನಲ್ಲಿ ಮತ್ತೆ ಬರಲಿಲ್ಲ. ಹಾಗಾಗಿ ಮಗುವಿನ ವಾಂತಿಯನ್ನೂ ನಾನು ಅಲ್ಲಾಹನ ಅನುಗ್ರಹಗಳ ಸಾಲಿಗೇ ಸೇರಿಸಿಕೊಂಡಿದ್ದೇನೆ.

ಐವತ್ತರ ದಶಕ ಮುಗಿಯುತ್ತ ಬಂದ ಹೊತ್ತು. ನಮ್ಮ ಮನೆ ರಾಮಕುಂಜದ ಹತ್ತಿರ. ನಮ್ಮವರಿಗೆ ಸೀಗೆಕಾಯಿ, ಅಂಟುವಾಳ, ಪುನರ್ಪುಳಿ ಸಿಪ್ಪೆ, ಕರಿಮೆಣಸು ಕೊಂಡು ಮಂಗಳೂರಿನ ಬಂದರಿಗೆ ಕಳುಹಿಸುವ ವ್ಯಾಪಾರ. ಲಾರಿಗಳು ಬಂದಿದ್ದರೂ ಮಳೆಗಾಲ ಮುಗಿದು ಹೊಳೆಯಲ್ಲಿ ನೀರು ತುಂಬಿರುವಾಗ ದೋಣಿಯಲ್ಲಿ ಸಾಮಾನು ಇಳಿಸುವುದನ್ನು ಅವರು ಬಿಟ್ಟಿರಲಿಲ್ಲ. ಮನೆಯಲ್ಲಿ ನಾವು ಮಾತನಾಡುತ್ತಿದ್ದುದು ಬ್ಯಾರಿ ಭಾಷೆ, ದೋಣಿಯವರದ್ದು ತುಳು. ನನಗೆ ಬರೆಯಲು ಬರುವುದು ಕನ್ನಡ ಒಂದೇ ಆದ್ದರಿಂದ ಎಲ್ಲರ ಮಾತನ್ನೂ ಅದರಲ್ಲೇ ಬರೆಯುತ್ತಿದ್ದೇನೆ.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಮಗಳಿಗೆ ಟೈಫಾಯಿಡ್ ಬಂತು. ನಾಲ್ಕು ವರ್ಷದ ಮಗು. ಜ್ವರ ಏರಿ ಏರಿ ಅವಳು ನನ್ನನ್ನೇ ಗುರುತಿಸದ ಒಂದು ದಿನ ಅತ್ತೆ ತಲೆಯ ಮೇಲೆ ಬಟ್ಟೆ ಎಳೆದುಕೊಂಡು, ಮಗುವಿನ ಹಣೆಗೆ ಕೈಯಿಟ್ಟು ಹರಕೆ ಹೇಳಿದರು. ಜ್ವರ ಇಳಿದರೆ ಮಗುವನ್ನು ಕಡಲ ಬದಿಯ ದರ್ಗಾಕ್ಕೆ ಕರೆದುಕೊಂಡು ಬರುತ್ತೇನೆ, ಅಲ್ಲಿಗೆ ಮುಟ್ಟುವವರೆಗೆ ಮಗುವಿನ ಬಾಯಿಗೆ ಮೀನು ಸೋಕಿಸುವುದಿಲ್ಲ ಎಂದು. ಹರಕೆ ತೀರುವ ತನಕ ಮೀನು ಬಿಡುವುದು ನಮ್ಮಲ್ಲಿ ಇದ್ದ ಕ್ರಮವಲ್ಲ. ಸುತ್ತಮುತ್ತಲ ಮನೆಯವರು ತಮ್ಮ ದೇವಸ್ಥಾನಕ್ಕೆ ಹೋಗುವ ಮೊದಲು ಹಾಗೆ ಮಾಡುವುದನ್ನು ಅತ್ತೆ ಸಣ್ಣಂದಿನಿಂದ ನೋಡಿದ್ದರು. ಒಳ್ಳೆಯದು ಯಾರ ಮನೆಯದ್ದಾದರೇನು ಎಂದು ಅವರ ಯೋಚನೆ. ಮಸೀದಿಯ ಉಸ್ತಾದರನ್ನು ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ಜ್ವರ ಇಳಿಯಿತು, ಅಲ್‌ಹಮ್ದುಲಿಲ್ಲಾಹ್. ಆದರೆ ಮಗು ಊಟ ಬಿಟ್ಟಿತು.

ಪುತ್ತೂರಿನ ಡಾಕ್ಟರು, "ಇನ್ನು ಪಥ್ಯ ಇಲ್ಲಮ್ಮಾ, ಕೇಳಿದ್ದು ಕೊಡಿ" ಎಂದರು. ಅವಳು ಏನನ್ನೂ ಕೇಳುತ್ತಿರಲಿಲ್ಲ. ಗಂಜಿಯ ತಿಳಿ ಒಂದೆರಡು ಚಮಚ, ಹಾಲು ಅರ್ಧ ಲೋಟ, ಆಮೇಲೆ ತುಟಿ ಮುಚ್ಚಿದರೆ ಮುಗಿಯಿತು. ಹಲ್ಲು ಬರುವ ಮೊದಲೇ ಬೂತಾಯಿಯ ಮುಳ್ಳು ಬಿಡಿಸಿ, ಅನ್ನದಲ್ಲಿ ಹಿಸುಕಿ ತಿನ್ನಿಸಿ ಬೆಳೆಸಿದ ಮಗು ಅದು. ಬೂತಾಯಿ ಅಂದರೆ ನಮ್ಮ ಕಡಲಿನ ಬಡವರ ಮೀನು, ಬೆರಳುದ್ದದ್ದು, ಎಣ್ಣೆ ತುಂಬಿದ್ದು. ಹರಕೆಯಿಂದಾಗಿ ಅದನ್ನು ಕೊಡುವ ಹಾಗಿಲ್ಲ. ಮನೆಯಲ್ಲಿ ಮೀನು ಮಾಡಿದ ದಿನ ನಾವು ದೊಡ್ಡವರು ಹಿಂದಿನ ಜಗಲಿಗೆ ಹೋಗಿ, ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದೆವು. ವಾಸನೆಗೆ ಬಾಗಿಲು ಉಂಟೇ? ಮಗು ಚಾಪೆಯ ಮೇಲೆ ಮಲಗಿ ಮಾಡಿನ ಹಂಚು ನೋಡುತ್ತಿರುತ್ತಿತ್ತು. ಮೊದಮೊದಲು ಕೇಳಿತು, ಆಮೇಲೆ ಕೇಳುವುದನ್ನೂ ಬಿಟ್ಟಿತು. ಮಳೆ ನಿಲ್ಲದೆ ಹರಕೆಗೆ ಹೋಗುವ ಹಾಗಿಲ್ಲ. ಮಳೆ ನಿಲ್ಲುವಷ್ಟರಲ್ಲಿ ಅವಳ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಇವಳು ಹೀಗೇ ಕರಗಿ ಹೋಗುತ್ತಾಳೋ ಎಂಬ ಹೆದರಿಕೆಯಲ್ಲಿ ನಾನು ಎಲ್ಲ ನಮಾಜಿನ ಕೊನೆಗೂ ಒಂದೇ ದುಆ ಮಾಡುತ್ತಿದ್ದೆ: ಪಡೆಚ್ಚೋನೇ, ನಮ್ಮನ್ನು ಸೃಷ್ಟಿಸಿದವನೇ, ಈ ಮಗುವಿಗೆ ಹಸಿವೆ ಕೊಡು.

ದೋಣಿಯ ಯೋಚನೆ ನಮ್ಮವರದ್ದು. "ಬಸ್ಸಿನಲ್ಲಿ ಹೋದ್ರೆ ಹೊಟ್ಟೆಯಲ್ಲಿ ಇರುವ ಎರಡು ಚಮಚವೂ ಹೊರಗೆ ಬೀಳ್ತದೆ. ಹೇಗೂ ದೋಣಿ ಹೋಗ್ಲಿಕ್ಕುಂಟು. ಅರ್ಧ ಸಾಮಾನು ಹಾಕುವ, ಇನ್ನರ್ಧಕ್ಕೆ ನೀವು ಕೂತ್ಕೊಳ್ಳಿ. ಮಗುವಿಗೆ ಗಾಳಿ ಬದಲಾದ ಹಾಗೆ ಆಯ್ತು, ನಿಮಗೂ ಒಂದು ಮಜಾ" ಎಂದರು.

"ನನಗೆಂತ ಮಜಾ ಈ ವಯಸ್ಸಿನಲ್ಲಿ" ಎಂದರು ಅತ್ತೆ. ಹಾಗೆಂದವರೇ ಎಲ್ಲರಿಗಿಂತ ಮೊದಲು ಎಲೆಯಡಿಕೆಯ ಪೆಟ್ಟಿಗೆ ಕಟ್ಟಿದ್ದರು.

ಉಪ್ಪಿನಂಗಡಿಯವರೆಗೆ ಎತ್ತಿನ ಗಾಡಿ, ಅಲ್ಲಿಂದ ದೋಣಿ. ಮಧ್ಯದಲ್ಲಿ ತೆಂಗಿನ ಮಡಲಿನ ಮಾಡು ಕಟ್ಟಿ, ಎರಡು ಬದಿಗೆ ನನ್ನ ಹಳೆ ಸೀರೆಗಳನ್ನು ಇಳಿಬಿಟ್ಟು ನಮಗೊಂದು ಕೋಣೆ ಮಾಡಿದ್ದರು. ಹಿಂದೆ ಸೀಗೆಕಾಯಿ ಮೂಟೆ, ಅದಕ್ಕೇ ಒರಗಿ ಅತ್ತೆ. ದೋಣಿ ನಡೆಸುವವರು ಇಬ್ಬರು. ಹಿರಿಯ ದೋಣಿಗಾರ ದಪ್ಪ ಮನುಷ್ಯ, ಹಿಂದೆ ನಿಂತು ಚುಕ್ಕಾಣಿ ಹಿಡಿಯುವವ. ಮುಂದೆ ಬಿದಿರು ಊರುವವ ಅವನ ಹೆಂಡತಿಯ ತಮ್ಮ, ಕಡ್ಡಿಯಂಥವ. ಅಡುಗೆ ಮಾಡುವವನೂ ಅವನೇ. ಭಾವ, ಭಾವ ಎಂದು ಕರೆದುಕೊಳ್ಳುತ್ತಾ ಇಬ್ಬರೂ ದಾರಿಯುದ್ದಕ್ಕೂ ಜಗಳ ಮಾಡಿದರು. ಜಗಳಕ್ಕೆ ವಿಷಯ ಬೇಕೆಂದೇನೂ ಇರಲಿಲ್ಲ.

ದೋಣಿ ಹೊರಟಾಗ ನನಗೆ ಮೊದಲು ಆದದ್ದು ಸಂತೋಷವಲ್ಲ, ಗಾಬರಿ. ಕೈಗೆ ಕೆಲಸ ಇಲ್ಲ. ಒಲೆ ಇಲ್ಲ, ಕೊಟ್ಟಿಗೆ ಇಲ್ಲ, ಗುಡಿಸಲು ಅಂಗಳ ಇಲ್ಲ. ಗಂಟು ಬಿಚ್ಚಿದೆ, ಕಟ್ಟಿದೆ, ಮತ್ತೆ ಬಿಚ್ಚಿದೆ.

"ಎಂತ ಹುಡುಕುದು?" ಎಂದು ನಮ್ಮವರು ಕೇಳಿದರು.

"ಎಂತ ಇಲ್ಲ. ಕೈ ಸುಮ್ಮನೆ ಕೂರುದಿಲ್ಲ."

"ಕೂರಿಸು. ಬಂದರು ಮುಟ್ಟುವ ತನಕ ನೀನು ರಾಣಿ."

ಮೂಟೆಯ ಕಡೆಯಿಂದ ಅತ್ತೆಯ ಸ್ವರ ಬಂತು: "ಹೌದೌದು, ರಾಣಿ. ರಾಣಿಗೆ ಎಲೆ ಮಡಚಿ ಕೊಡ್ಲಿಕ್ಕೆ ಅತ್ತೆ ಇದ್ದಾಳಲ್ಲ." ಹಾಗೆಂದು ನಿಜವಾಗಿಯೂ ಒಂದು ಎಲೆಗೆ ಸುಣ್ಣ ಹಚ್ಚಿ, ಮಡಚಿ ಕೊಟ್ಟರು. ಮದುವೆಯಾಗಿ ಅಷ್ಟು ವರ್ಷದಲ್ಲಿ ಅವರು ನನಗೆ ಎಲೆ ಮಡಚಿ ಕೊಟ್ಟದ್ದು ಅದೇ ಮೊದಲು. ಅದನ್ನು ಬೇಗ ಮುಗಿಸಬಾರದೆಂದು ಬಹಳ ಹೊತ್ತು ಜಗಿದೆ.

ಆಮೇಲೆ ನಿಧಾನವಾಗಿ ಸುಖ ಹತ್ತಿತು. ಸೀರೆಯ ಸಂದಿನಿಂದ ನೋಡಿದರೆ ದಡಗಳೇ ನಡೆದು ಹೋಗುತ್ತಿದ್ದವು. ಬಟ್ಟೆ ಒಗೆಯುವ ಹೆಂಗಸರು, ಮೀಯುವ ಎಮ್ಮೆಗಳು, ಕಡವಿನಲ್ಲಿ ದೋಣಿಗೆ ಕಾಯುತ್ತಾ ಕೊಡೆ ಹಿಡಿದು ನಿಂತ ಒಬ್ಬ ಮೇಷ್ಟ್ರು. ಅವರೆಲ್ಲರಿಗೂ ಕೆಲಸ ಇತ್ತು, ನನಗೆ ಮಾತ್ರ ಇರಲಿಲ್ಲ. ನೋಡುತ್ತಾ ನೋಡುತ್ತಾ ಹಗಲಿನಲ್ಲೇ ನಿದ್ದೆ ಹೋದೆನಂತೆ. ಎದ್ದಾಗ ಯಾರೂ ಬಯ್ಯಲಿಲ್ಲ.

ಮಧ್ಯಾಹ್ನದ ನಮಾಜಿಗೆ ಅತ್ತೆ ಹೊಳೆಯ ನೀರಿನಲ್ಲೇ ಕೈಕಾಲು ಮುಖ ತೊಳೆದು ವುಝೂ ಮಾಡಿ ಚಾಪೆ ಹಾಸಿದರು. ನಮ್ಮ ಹೊಳೆ ಒಟ್ಟಾರೆ ಪಡುವಿಗೆ, ಕಡಲಿಗೆ ಹರಿಯುವುದು. ನಮಾಜಿಗೆ ಮುಖ ಮಾಡುವ ಕಿಬ್ಲಾವೂ ಸುಮಾರು ಅದೇ ದಿಕ್ಕು. ಆದರೆ ಹೊಳೆ ನೆಟ್ಟಗೆ ಎಲ್ಲಿ ಹೋಗುತ್ತದೆ?

"ಪಡು ಯಾವ ಕಡೆ ಅಂತ ಕೇಳು" ಎಂದು ಅತ್ತೆ ಮಗನಿಗೆ ಹೇಳಿದರು. ದೋಣಿಗಾರ ತಾನೇ ಉತ್ತರ ಕೊಟ್ಟ: "ಈಗ ನನ್ನ ಮೂಗಿನ ನೇರಕ್ಕೆ, ಉಮ್ಮ. ಆ ತಿರುವು ಕಳೆದ ಮೇಲೆ ಭಾವನ ಎಡಗಿವಿಯ ನೇರಕ್ಕೆ."

"ನಿಮ್ಮ ಕಿವಿ ಮೂಗು ನಂಬಿ ನಾನು ನಮಾಜು ಮಾಡುದಾ?"

ಭಾವಂದಿರಿಬ್ಬರೂ ನಕ್ಕು, ದೋಣಿಯನ್ನು ದಡದ ಹತ್ತಿರ ತಂದು, ಎರಡು ಬದಿಗೂ ಬಿದಿರು ಊರಿ ಅಲುಗದ ಹಾಗೆ ಹಿಡಿದು ನಿಂತರು. "ನಿಧಾನ ಮಾಡಿ ಉಮ್ಮ" ಎಂದ ದಪ್ಪನವ. "ಹೊಳೆ ಬಿಟ್ಟು ನಾವು ಎಲ್ಲಿಗೂ ಹೋಗುದಿಲ್ಲ." ಅತ್ತೆಯ ನಂತರ ನನ್ನದೂ ಮುಗಿಯುವ ತನಕ ಅವರು ಬಿಸಿಲಲ್ಲಿ ಹಾಗೇ ನಿಂತಿದ್ದರು. ಒಳ್ಳೆಯ ಜನ.

ಮಗಳು ಮಾತ್ರ ಮೊದಲ ದಿನವಿಡೀ ನನ್ನ ತೊಡೆಯ ಮೇಲೆ ಮಲಗಿ, ಒಂದು ಕೈಯನ್ನು ನೀರಿಗೆ ಇಳಿಬಿಟ್ಟುಕೊಂಡಿದ್ದಳು. ರೊಟ್ಟಿ ಬೇಡ, ಬಾಳೆಹಣ್ಣು ಬೇಡ, ಬೆಲ್ಲ ಹಾಕಿದ ರಾಗಿ ಬೇಡ. ಚಮಚ ಹತ್ತಿರ ತಂದರೆ ಮುಖ ನೀರಿನ ಕಡೆಗೆ ತಿರುಗುತ್ತಿತ್ತು. ಅತ್ತೆ ಅದನ್ನು ನೋಡಿ ತಸ್ಬೀಹ್ ಮಣಿ ಬೇಗ ಬೇಗ ಎಣಿಸುತ್ತಿದ್ದರು.

ಆ ರಾತ್ರಿಗೆ ಪಾಣೆಮಂಗಳೂರಿನ ಪರಿಚಯದವರ ಮನೆಯಲ್ಲಿ ತಂಗಿ, ಬೆಳಗಾದ ಮೇಲೆ ಮತ್ತೆ ದೋಣಿ ಹತ್ತಿದೆವು. ದೊಡ್ಡ ಸೇತುವೆಯ ಕೆಳಗೆ ಹೋಗುವಾಗ ಮೇಲೆ ಒಂದು ಬಸ್ಸು ಗಡಗಡ ಹೋಯಿತು. ಮಗಳು ತಲೆಯೆತ್ತಿ ನೋಡಿದಳು.

"ಉಮ್ಮಾ, ಬಸ್ಸಿಗೆ ನಾವು ಕಾಣ್ತೇವಾ?"

"ಕಾಣ್ತೇವೆ ಮಗಾ."

"ಹಾಗಾದ್ರೆ ನಮ್ಮನ್ನು ನೋಡಿ ಅದಕ್ಕೇ ವಾಂತಿ ಬರ್ಲಿ."

ಎಲ್ಲರೂ ನಕ್ಕೆವು. ತೆಳ್ಳಗಿನವ ಬಿದಿರು ಬಿಟ್ಟು ಹೊಟ್ಟೆ ಹಿಡಿದುಕೊಂಡ, ದಪ್ಪನವ ಅವನಿಗೆ ಬಯ್ದ. ಜ್ವರ ಬಂದ ಮೇಲೆ ಆ ಮಗು ತಮಾಷೆ ಮಾತಾಡಿದ್ದು ಅಂದೇ. ನಾನು ಮುಖ ತಿರುಗಿಸಿ ಕಣ್ಣು ಒರೆಸಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಕಡಲಿನ ಉಬ್ಬರ ಹೊಳೆಗೆ ಏರಿ ಬಂತು. ನೀರು ಎದುರಾಗಿ ನಿಂತ ಮೇಲೆ ದೋಣಿ ಮುಂದೆ ಹೋಗುವುದಿಲ್ಲ. ಅದು ಇಳಿಯುವ ತನಕ ಕಾಯಬೇಕು. ಹೊಳೆಯ ನಡುವಿನ ಒಂದು ಮರಳ ದಿಣ್ಣೆಗೆ ದೋಣಿ ಕಟ್ಟಿದರು. ಅತ್ತೆಗೆ ಸಂತೋಷವೋ ಸಂತೋಷ, ಅಲುಗದ ನೆಲದ ಮೇಲೆ ನಮಾಜು ಮಾಡಬಹುದೆಂದು. ನಾವು ನಮಾಜಿಗೆ ವುಝೂ ಮಾಡುತ್ತಿದ್ದಾಗ ಕೆಳಗಿನಿಂದ ಇನ್ನೊಂದು ದೋಣಿ ಉಬ್ಬರದ ಜೊತೆ ಬಂದು ದಿಣ್ಣೆಗೆ ತಾಗಿತು. ಅದರಲ್ಲಿ ಉಪ್ಪಿನ ಮೂಟೆ, ಮೂಟೆಯ ಮೇಲೆ ಒಂದು ಬುಟ್ಟಿ ಬೂತಾಯಿ. ಆ ಬೆಳಿಗ್ಗೆ ಹಿಡಿದದ್ದು, ಇನ್ನೂ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ನಮ್ಮ ದೋಣಿಯವರು ಒಂದು ಕಟ್ಟು ವೀಳ್ಯದೆಲೆ ಕೊಟ್ಟು ಎರಡು ಮುಷ್ಟಿ ತೆಗೆದುಕೊಂಡರು.

ನಾವು ಸಲಾಂ ಕೊಟ್ಟು ತಿರುಗುವಷ್ಟರಲ್ಲಿ ಮೂರು ಕಲ್ಲಿನ ಒಲೆ ಉರಿಯುತ್ತಿತ್ತು. ತೆಳ್ಳಗಿನವ ಮಡಕೆಯಲ್ಲಿ ಮೀನು ಹಾಕಿ ಹುಳಿ ಮೆಣಸಿನ ಸಾರು ಇಟ್ಟಿದ್ದ. ಸಣ್ಣ ನಾಲ್ಕು ಮೀನಿಗೆ ಉಪ್ಪು ಸವರಿ, ಬಾಳೆಲೆಯಲ್ಲಿ ಸುತ್ತಿ, ಕೆಂಡದಲ್ಲಿ ಹೂತಿದ್ದ. ಎಲೆ ಸುಟ್ಟು ಮೀನಿನ ಎಣ್ಣೆ ಕೆಂಡಕ್ಕೆ ತೊಟ್ಟಿಕ್ಕಿತು. ಆ ವಾಸನೆ ಬಂದದ್ದೇ, ನಮ್ಮವರ ಪಕ್ಕ ಮರಳಿನಲ್ಲಿ ಗೆರೆ ಎಳೆಯುತ್ತಿದ್ದ ಮಗಳು ಎದ್ದಳು. ನಡೆದು ಹೋಗಿ ಒಲೆಯ ಎದುರು ಕುಕ್ಕರಗಾಲಿನಲ್ಲಿ ಕುಳಿತಳು.

"ನನಗೆ" ಎಂದಳು.

ನಾನು ನಿಂತಲ್ಲೇ ನಿಂತೆ. ಎಷ್ಟು ತಿಂಗಳಿಂದ ಕಾಯುತ್ತಿದ್ದ ಮಾತು ಅದು. ತೆಳ್ಳಗಿನವನಿಗೆ ಹರಕೆಯ ವಿಷಯ ಎಲ್ಲಿ ಗೊತ್ತು? ಎಲೆ ಬಿಡಿಸಿ, ಊದಿ, ಒಂದು ಮೀನನ್ನು ಎಲೆಯ ಸಮೇತ ಮುಂದೆ ಹಿಡಿದ. "ತಿನ್ನು ಮಗಾ. ಉಮ್ಮನತ್ರ ಮುಳ್ಳು ತೆಗೆಸಿಕೊ."

"ಬೇಡ, ಬೇಡ" ಎಂದು ನಮ್ಮವರು ಎದ್ದರು. ಮಗಳು ಅವರ ಮುಖ ನೋಡಿದಳು. ಅಳಲಿಲ್ಲ. ಅಳದೆ ಇದ್ದದ್ದೇ ನನಗೆ ಹೆಚ್ಚು ಹೆದರಿಕೆ ತಂದಿತು. ಇವತ್ತು ತೆರೆದ ಬಾಯಿಯನ್ನು ನಾವೇ ಮುಚ್ಚಿಸಿದರೆ ಅದು ಪುನಃ ತೆರೆಯುತ್ತದೆಯೇ? ಕೊಟ್ಟರೆ, ಹರಕೆ ಮುರಿದ ಮನೆಗೆ ಆ ಜ್ವರ ತಿರುಗಿ ಬಂದರೆ? ದರ್ಗಾಕ್ಕೆ ಇನ್ನೊಂದೇ ದಿನ ಇತ್ತು. ಬೇರೆಯವರಿಗೆ ಅದು ಒಂದು ದಿನ. ಬಳೆ ಜಾರುವ ಆ ಸಣ್ಣ ಕೈಗಳನ್ನು ನೋಡಿದ ನನಗೆ ಹಾಗೆ ಅನ್ನಿಸಲಿಲ್ಲ. ನಾನು ಅತ್ತೆಯ ಕಡೆ ನೋಡಿದೆ. ಹರಕೆ ಅವರದ್ದು. ನಾನು ಹೂಂ ಎನ್ನುವ ಹಾಗಿಲ್ಲ, ಊಹೂಂ ಎನ್ನಲು ಸ್ವರ ಬರುವುದಿಲ್ಲ.

ಅತ್ತೆ ಚಾಪೆ ಮಡಚುತ್ತಿದ್ದವರು ಅದನ್ನು ಪುನಃ ಬಿಡಿಸಿ ಕುಳಿತರು. ಎರಡೂ ಕೈ ಎತ್ತಿದರು. ಮೆಲ್ಲಗೆ ಹೇಳಿಕೊಳ್ಳುವ ಅಭ್ಯಾಸ ಅವರಿಗೆ ಯಾವತ್ತೂ ಇರಲಿಲ್ಲ. ಒಲೆಯ ಹತ್ತಿರ ಇದ್ದವರಿಗೂ ಕೇಳುವಂತೆ ಹೇಳಿದರು:

"ಪಡೆಚ್ಚೋನೇ, ಹರಕೆ ಹೇಳಿದವಳು ನಾನು. ಹೇಳುವಾಗ ಬುದ್ಧಿ ಇಲ್ಲದೆ ಮಗುವಿನ ಬಾಯಿ ಕಟ್ಟಿದೆ, ನನ್ನದು ಬಿಟ್ಟೆ. ಬಾಗಿಲು ಹಾಕ್ಕೊಂಡು ನಾನು ತಿಂದೆ, ನೀನು ನೋಡಿದ್ದೀ. ಇವತ್ತಿಂದ ಅದನ್ನು ನನಗೆ ವರ್ಗ ಮಾಡು. ಇವಳು ಎಷ್ಟು ತಿಂಗಳು ಬಿಟ್ಟಿದ್ದಾಳೋ ಅಷ್ಟು ತಿಂಗಳು ನಾನು ಬಿಡ್ತೇನೆ. ಮಗುವಿನ ಮೇಲೆ ಸಿಟ್ಟು ಮಾಡ್ಬೇಡ. ಸಿಟ್ಟು ಉಂಟಾದ್ರೆ ಅದು ನನಗಿರ್ಲಿ."

ಮುಖ ಸವರಿಕೊಂಡು ನನ್ನ ಕಡೆ ತಿರುಗಿದರು. "ಎಂತ ನೋಡುದು? ತಣಿದ ಮೇಲೆ ಕೊಡ್ತೀಯಾ? ಮುಳ್ಳು ತೆಗಿ."

ಅತ್ತೆಗೆ ಮೀನು ಎಂದರೆ ಏನೆಂದು ನಮ್ಮ ಮನೆಯವರಿಗೆ ಮಾತ್ರ ಗೊತ್ತು. ಮಳೆಗಾಲದಲ್ಲಿ ಹಸಿ ಮೀನು ಸಿಗದಿದ್ದರೆ ಒಣಮೀನನ್ನಾದರೂ ಕೆಂಡದಲ್ಲಿ ಸುಟ್ಟು ತಟ್ಟೆಯ ಬದಿಗಿಡಬೇಕು, ಇಲ್ಲವಾದರೆ ಅನ್ನ ಕಲಸುತ್ತಿರಲಿಲ್ಲ. ಯಾರ ಮನೆಗೆ ಹೋಗಿ ಬಂದರೂ ಆ ಮನೆಯ ಮೀನಿನ ಸಾರು ಹೇಗಿತ್ತು ಎನ್ನುವುದೇ ಅವರು ತರುತ್ತಿದ್ದ ಸುದ್ದಿ. ನಮ್ಮವರು, "ಉಮ್ಮಾ, ಅಷ್ಟು ತಿಂಗಳು ಯಾಕೆ, ನಾಳೆ ದರ್ಗಾ ಮುಟ್ಟುವ ತನಕ ಸಾಕಲ್ವಾ" ಎಂದರು. "ನಿನ್ನ ವ್ಯಾಪಾರ ಬಂದರಿನಲ್ಲಿ ಇಟ್ಟುಕೋ, ಪಡೆಚ್ಚೋನ ಹತ್ತಿರ ಬೇಡ" ಎಂದು ಅತ್ತೆ ಅವರ ಬಾಯಿ ಮುಚ್ಚಿಸಿದರು.

ನಾನು ಮರಳಿನ ಮೇಲೆ ಕುಳಿತು ಮೀನಿನ ನಡುಮುಳ್ಳು ಎಳೆದೆ, ಸಣ್ಣ ಮುಳ್ಳುಗಳನ್ನು ಬೆರಳಿನಿಂದ ತಡವಿ ತಡವಿ ತೆಗೆದೆ. ದೋಣಿಯವರ ಕುಚ್ಚಲಕ್ಕಿ ಅನ್ನದಲ್ಲಿ ಹಿಸುಕಿ, ಬಿಸ್ಮಿಲ್ಲಾಹ್ ಎಂದು ಒಂದು ತುತ್ತು ಕೊಟ್ಟೆ. ತಿಂದಳು. ಇನ್ನೊಂದು. ಅದನ್ನೂ ತಿಂದಳು. ನಿಧಾನವಾಗಿ, ಕೆಲಸ ಮಾಡುವವರ ಹಾಗೆ ಗಂಭೀರವಾಗಿ ಅಗಿದಳು. ಮೂರನೆಯ ತುತ್ತಿಗೆ ನನ್ನ ಕೈ ತಡವಾಯಿತೆಂದು ತಾನೇ ಬಾಯಿ ತೆರೆದುಕೊಂಡು ಕಾದಳು. ಭಾವಂದಿರು ಜಗಳ ಬಿಟ್ಟು ಅವಳನ್ನೇ ನೋಡುತ್ತಿದ್ದರು.

ಒಂದೂವರೆ ಮೀನು ತಿಂದು ಸಾಕೆಂದಳು. ಹೆಚ್ಚಾಗಿ ವಾಂತಿಯಾದೀತೆಂದು ನಾನು ಒತ್ತಾಯಿಸಲಿಲ್ಲ.

ಆಮೇಲೆ ನಮಗೂ ಬಡಿಸಿದರು. ಮದುವೆಯಾದ ಮೇಲೆ ಬೇರೆಯವರ ಮನೆಗಳಲ್ಲಿ ಬಿಟ್ಟರೆ ನಾನು ಬೇಯಿಸದ ಅನ್ನವನ್ನು ನಾನು ಉಂಡದ್ದು ಆ ದಿಣ್ಣೆಯ ಮೇಲೆಯೇ. ಮಡಕೆ ತೊಳೆಯಲು ಹೋದರೆ ತೆಳ್ಳಗಿನವ ಕೈಯಿಂದ ಕಿತ್ತುಕೊಂಡ. ಅತ್ತೆ ಒಂದು ತುಂಡು ಮಾವಿನ ಉಪ್ಪಿನಕಾಯಿ ಇಟ್ಟುಕೊಂಡು ಬರೀ ಅನ್ನ ಉಣ್ಣುತ್ತಿದ್ದರು. ದೋಣಿಗಾರನಿಗೆ ನೋಡಿ ಸಂಕಟವಾಯಿತು.

"ಉಮ್ಮ, ಭಾವನ ಸಾರಿನ ರಸ ಆದ್ರೂ ಒಂದು ಚೂರು?"

"ಬೇಡ ಮಾರಾಯ. ಮೂಗಿಗೆ ಹರಕೆ ಇಲ್ಲ, ವಾಸನೆ ಸಾಕು" ಎಂದರು ಅತ್ತೆ. ಇನ್ನೊಂದು ತುತ್ತು ನುಂಗಿ, "ಹುಳಿ ಹೆಚ್ಚಾಗಿದೆ" ಎಂದೂ ಸೇರಿಸಿದರು.

"ಕೇಳಿದಿಯಾ ಭಾವ! ಉಣ್ಣದವರಿಗೂ ಗೊತ್ತಾಯ್ತು ನಿನ್ನ ಹುಳಿ!" ಎಂದು ದಪ್ಪನವ ಕುಣಿದ. ಅಲ್ಲಿಂದ ಪುನಃ ಜಗಳ ಶುರುವಾಯಿತು.

ಉಬ್ಬರ ಇಳಿದ ಮೇಲೆ ದೋಣಿ ಬಿಟ್ಟರು. ಮಗಳು ಹೊಟ್ಟೆ ಮೇಲೆ ಮಾಡಿಕೊಂಡು ಮಲಗಿದಳು. ನಾನು ದಾರಿಯುದ್ದಕ್ಕೂ ಅವಳ ಹಣೆ ಮುಟ್ಟಿ ನೋಡುತ್ತಿದ್ದೆ. ಅತ್ತೆ ಮೂಟೆಗೆ ಒರಗಿದಲ್ಲಿಂದಲೇ, "ಬಿಸಿ ಉಂಟಾ?" ಎಂದು ಕೇಳುತ್ತಿದ್ದರು. "ಇಲ್ಲ ಮಾಮಿ." ಸ್ವಲ್ಪ ಹೊತ್ತಿಗೆ ಪುನಃ, "ಈಗ?" "ಇಲ್ಲ ಮಾಮಿ." ಗಾಳಿಯಲ್ಲಿ ಉಪ್ಪಿನ ವಾಸನೆ ಬಂತು, ಹೊಳೆ ಅಗಲವಾಯಿತು, ದೂರದಲ್ಲಿ ಬಂದರಿನ ಹಡಗುಗಳ ಕಂಬಗಳು ಕಾಣಿಸಿದವು. ನಾವಿಬ್ಬರೂ ಹಣೆ ನೋಡುವುದರಲ್ಲಿ ಮುಳುಗಿ, ಕಡಲನ್ನು ಮೊದಲ ಸಲ ಕಾಣುವ ಗಳಿಗೆಯನ್ನು ಹೇಗೋ ಕಳೆದುಕೊಂಡೆವು.

ಮರುದಿನ ಅಳಿವೆ ದಾಟಿ ದರ್ಗಾಕ್ಕೆ ಹೋಗಿ ಹರಕೆ ಒಪ್ಪಿಸಿದೆವು. ಅಲ್ಲಿ ಒಬ್ಬರು ವಯಸ್ಸಾದ ಉಸ್ತಾದರ ಹತ್ತಿರ ನಮ್ಮವರು ನಡೆದದ್ದನ್ನೆಲ್ಲ ಹೇಳಿದರು. ಅವರು ಗಡ್ಡ ಸವರಿ ನಕ್ಕರು. "ಮಗುವಿನ ಬಾಯಿಗೆ ಹರಕೆ ತಾಗುದೇ ಇಲ್ಲ. ನಿಮ್ಮ ಉಮ್ಮನಿಗೂ ಮೀನು ಬಿಡುವ ಅಗತ್ಯ ಇಲ್ಲ ಅಂತ ಹೇಳಿ." ನಮ್ಮವರು ಓಡಿ ಬಂದು ಹೇಳಿದರು. ಅತ್ತೆ ಯೋಚನೆ ಮಾಡಿ, "ಅವರಿಗೆ ಕಿತಾಬು ಗೊತ್ತುಂಟು, ಒಪ್ಪಿದೆ. ಅಗತ್ಯ ಇಲ್ಲ ಅಂದ್ರು, ಬಿಡಬಾರದು ಅಂತ ಹೇಳಿದ್ರಾ? ಇಲ್ಲವಲ್ಲ" ಎಂದರು. ಹೇಳಿದಷ್ಟು ತಿಂಗಳೂ ಬಿಟ್ಟರು. ಬೂತಾಯಿಯ ಕಾಲ ಪೂರ್ತಿ ಅವರ ಮೂಗಿನ ಎದುರಿನಿಂದಲೇ ಕಳೆದು ಹೋಯಿತು. ಆದರೆ ಹಿಂದಿನ ಜಗಲಿಯ ಬಾಗಿಲು ಹಾಕಲು ನಮಗೆ ಬಿಡಲಿಲ್ಲ.

ದರ್ಗಾದಿಂದ ಬಂದ ದಿನ ಬಂದರಿನಲ್ಲಿ ನಮ್ಮವರ ಸೋದರತ್ತೆಯ ಮನೆಯಲ್ಲಿ ಇಳಿದಿದ್ದೆವು. ದೊಡ್ಡ ಮನೆ, ಅಡುಗೆ ತಡ. ಮಗಳು ಒಳಗೆ ಹೊರಗೆ ಎರಡು ಸಲ ಓಡಾಡಿದಳು, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಇಣುಕಿದಳು. ಆಮೇಲೆ ನಡುಮನೆಯಲ್ಲಿ ಕಾಲು ಚಾಚಿ ಕುಳಿತು, ಬಾಯಿ ಅಗಲಿಸಿ, ಹಸಿವೆ, ಹಸಿವೆ ಎಂದು ಅಳಲು ಹಿಡಿದಳು. ಮನೆಯವರು ಗಾಬರಿಯಾಗಿ ಸಕ್ಕರೆ ತಂದರು, ಬಿಸ್ಕೂಟು ತಂದರು. "ಅಯ್ಯೋ, ಮಗುವನ್ನು ಅಳಿಸಬೇಡಿ ಮಾರಾಯ್ರೆ" ಎಂದರು ಆ ಸೋದರತ್ತೆ.

ಅತ್ತೆ ಅವರ ಕೈ ಹಿಡಿದು ನಿಲ್ಲಿಸಿದರು. "ಒಂದು ಗಳಿಗೆ ನಿಲ್ಲು. ನಾವು ಈ ಅಳು ಕೇಳದೆ ಬಹಳ ಕಾಲ ಆಯ್ತು."

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅವಳು ಗಂಟಲು ಕಿತ್ತುಹೋಗುವ ಹಾಗೆ ಅಳುತ್ತಿದ್ದಳು. ಅನ್ನ ಬಸಿಯುವ ಸದ್ದು ಕೇಳಿದ ಕೂಡಲೇ ನಿಲ್ಲಿಸಿ, ಮೂಗು ಒರೆಸಿಕೊಂಡು, ಯಾರೂ ಕರೆಯುವ ಮೊದಲೇ ತಟ್ಟೆಯ ಎದುರು ಹೋಗಿ ಕುಳಿತಳು.